ತಂಗಿಯ ನಿಶ್ಚಿತಾರ್ಥಕ್ಕೆ ಟ್ಯಾಗ್ ಕೀಳದೆ ಒಂದು ದಿನ ಉಟ್ಟ ಸೀರೆಯನ್ನು ಅಂಗಡಿಗೆ ವಾಪಸ್ ಕೊಟ್ಟರೆ ಮೋಸ ಆಗುತ್ತದಾ? ಅಷ್ಟು ದೊಡ್ಡ ಅಂಗಡಿಗೆ ಏನು ನಷ್ಟ?

ಆಗುತ್ತದೆ. ನಾನು ಕೊಡಲು ಹೋದವಳೇ, ಅದಕ್ಕೇ ಹೇಳುತ್ತಿದ್ದೇನೆ.

2022ರ ಮೇ ತಿಂಗಳು, ಕುಂಬಳೆಯಲ್ಲಿ ನಾದಿನಿಯ ಮದುವೆ. ಕಾಸರಗೋಡು ಪೇಟೆಯ ಒಂದು ದೊಡ್ಡ ಜವಳಿ ಅಂಗಡಿಯಿಂದ 6,800 ರೂಪಾಯಿಯ ರೇಷ್ಮೆ ಸೀರೆ ತಂದೆ. ‘ಬಳಸದ ಬಟ್ಟೆಯನ್ನು 7 ದಿನದೊಳಗೆ ಟ್ಯಾಗ್ ಸಮೇತ ತಂದರೆ ಹಣ ವಾಪಸ್’ ಎಂದು ಬಿಲ್ಲಿನ ಹಿಂದೆ ಇತ್ತು. ‘ಟ್ಯಾಗ್’ ಓದಿದೆ, ‘ಬಳಸದ’ ನುಂಗಿದೆ.

ನೀವೂ ಟ್ಯಾಗನ್ನೇ ನಂಬಿ ಕೂತಿದ್ದೀರಿ. ನನ್ನನ್ನು ಹಿಡಿದುಕೊಟ್ಟದ್ದೇ ಅದು. ಸೆರಗಿನ ಮೂಲೆಯಲ್ಲಿ ನೇತಾಡುವ ಟ್ಯಾಗ್ ಯಾರಿಗೂ ಕಾಣಬಾರದಲ್ವಾ? ಒಳಕ್ಕೆ ಮಡಚಿ ಸೇಫ್ಟಿ ಪಿನ್ ಹಾಕಿದೆ. ಒಂದಲ್ಲ, ಎರಡು. ಊಟದ ಪಂಕ್ತಿಯಲ್ಲಿ ಬಡಿಸುವಾಗ ಜಾರಿ ಹೊರಬಂದರೆ ಎಂಬ ಹೆದರಿಕೆ. ರೇಷ್ಮೆಯಲ್ಲಿ ಬಿದ್ದ ಪಿನ್ನಿನ ತೂತು ಇಸ್ತ್ರಿಗೆ ಬಗ್ಗುವುದಿಲ್ಲ. ಟ್ಯಾಗಿನ ಪಕ್ಕದಲ್ಲೇ ಸಾಲಾಗಿ ನಾಲ್ಕು ತೂತು, ಟ್ಯಾಗಿನ ರಟ್ಟಿನಲ್ಲಿ ಮಡಚಿದ ಗೆರೆ. ಪಿನ್ ಹಾಕದೆ ಉಟ್ಟಿದ್ದರೆ, ಆಮೇಲೆ ಇಷ್ಟವಾಗಲಿಲ್ಲ ಎಂದಾದರೂ ಹೇಳಬಹುದಿತ್ತು. ಪಿನ್ ಹಾಕಿದ್ದರಿಂದ, ಉಡುವಾಗಲೇ ವಾಪಸ್ ಕೊಡುವ ಲೆಕ್ಕ ಇತ್ತು ಎಂದು ನಾನೇ ಬರೆದುಕೊಟ್ಟ ಹಾಗಾಯಿತು.

ಮ್ಯಾನೇಜರ್ ಮಲಯಾಳಿ. “ಚೇಚೀ, ಉಡುತ್ತೋ?” ಎಂದು ಕೇಳಿದರು. ಉಟ್ಟಿರಾ ಎಂದು. “ಉಡುತ್ತಿಲ್ಲ” ಅಂದೆ. ಮಲಯಾಳದಲ್ಲಿ ಅದಕ್ಕೆ ‘ಉಟ್ಟಿಲ್ಲ’ ಎಂದರ್ಥ, ಹಸಿ ಸುಳ್ಳು. ಕನ್ನಡದಲ್ಲಿ ನಿಜ, ಆಗ ನಾನು ಚೂಡಿದಾರ್ ಹಾಕಿದ್ದೆ! ಅವರು ಸೆರಗು ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದರು. ಮಡಿಕೆಯಿಂದ ಸೇಸೆಯ (ಅಕ್ಷತೆಯ) ಅಕ್ಕಿ, ಒಂದೇ ಒಂದು ಅರಶಿನದ ಕಾಳು, ಗಾಜಿನ ಮೇಲೆ ಟಿಕ್ ಎಂದು ಬಿತ್ತು. ಅವರು ಏನೂ ಹೇಳಲಿಲ್ಲ. ಸೀರೆ ಮಡಚಿ ನನ್ನ ಕಡೆ ತಳ್ಳಿದರು.

ಸುಳ್ಳು ಹೇಳಿ ನಂಬಿಸಿ ಹಣ ಕೊಡಿಸಿಕೊಂಡರೆ ಅದು ಮೋಸವೇ. ಆಗ ಐಪಿಸಿ 420 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318. 7 ವರ್ಷದವರೆಗೆ ಶಿಕ್ಷೆ. ಒಂದು ಸೀರೆಗಾಗಿ ಯಾರೂ ಅಷ್ಟು ದೂರ ಹೋಗಲಿಕ್ಕಿಲ್ಲ ಬಿಡಿ. ಆದರೆ ಕೋರ್ಟು ನೋಡುವುದು ಮೊದಲಿಂದಲೇ ಮೋಸದ ಉದ್ದೇಶ ಇತ್ತಾ ಎಂದು. ನನ್ನ ಉದ್ದೇಶಕ್ಕೆ ನಾಲ್ಕು ತೂತು ಸಾಕ್ಷಿ.

‘ಅಷ್ಟು ದೊಡ್ಡ ಅಂಗಡಿಗೆ ಏನು ನಷ್ಟ’ ಎಂದು ಕೇಳಿದ್ದೀರಿ. ಆ ಲೆಕ್ಕವೇ ತಪ್ಪು. ನಷ್ಟ ನನಗಾಯಿತು. ಮರುವರ್ಷ ಗಂಡ ಅದೇ ಅಂಗಡಿಯಿಂದ ನನಗೆ ಚೂಡಿದಾರ್ ತಂದರು. (ಅವರಿಗೆ ಈ ಕತೆ ಇನ್ನೂ ಗೊತ್ತಿಲ್ಲ.) ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದು ತಪ್ಪು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಈ ಸಲ ಹಕ್ಕು ನನ್ನದೇ. ಬಾಗಿಲವರೆಗೆ ಹೋದೆ. ಕೌಂಟರಿನಲ್ಲಿ ಅದೇ ಮ್ಯಾನೇಜರ್. ಹಾಗೇ ತಿರುಗಿ ಬಸ್ ಹತ್ತಿದೆ. ಈಗ ಅದು ನೆಲ ಒರೆಸುವ ಬಟ್ಟೆ.

ತಂಗಿಯ ನಿಶ್ಚಿತಾರ್ಥಕ್ಕೆ ಒಂದು ದಿನದ ಸೀರೆ ತಾನೇ? ಅತ್ತಿಗೆಯ ಹತ್ತಿರ ಕೇಳಿ. ಕುಂಬಳೆ ಕಡೆಯವರಾದರೆ ನನ್ನದನ್ನೇ ಕೊಡುತ್ತೇನೆ. ಸೆರಗಿನ ಮೂಲೆಯನ್ನು ಮಾತ್ರ ಒಳಗೆ ಮಡಚಿ ಉಡಬೇಕು.