ಮನೆ ಬೆಚ್ಚಗಿಡುವ ಬಾಯ್ಲರಿನ ನೀರಿನ ಒತ್ತಡ ರಾತ್ರಿ 3 ಬಾರ್‌ಗೆ ಏರಿ ಬೆಳಿಗ್ಗೆ ಸೊನ್ನೆಗೆ ಇಳಿದಿರುತ್ತದೆ. ಸೋರಿಕೆ ಮುಚ್ಚುವ ದ್ರಾವಣ ಸುರಿಯಲೇ, ಹೊಸ ಬಾಯ್ಲರ್ ಹಾಕಿಸಲೇ?

ಎರಡೂ ಬೇಡ. ನಿಮ್ಮ ಮನೆಯ ಪೈಪುಗಳು ಸೋರುತ್ತಿಲ್ಲ ಎಂದು ಬಾಜಿ ಕಟ್ಟಬಲ್ಲೆ. ಹೀಟಿಂಗ್ ಹಾಕಿದಾಗ ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟುವುದು, ತಣಿದ ಮೇಲೆ ನೆಲಕಚ್ಚುವುದು, ಬೆಳಿಗ್ಗೆ ಎದ್ದು ಬಾಯ್ಲರ್ ಕೆಳಗಿನ ನಲ್ಲಿ ತಿರುಗಿಸಿ ಮತ್ತೆ ನೀರು ತುಂಬುವುದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ ಎರಡು ಚಳಿಗಾಲ ಇದೇ ನಿತ್ಯಕರ್ಮವಾಗಿತ್ತು.

ನಾನೂ ನಿಮ್ಮ ಹಾಗೆ ಸೋರಿಕೆಯ ಬೆನ್ನು ಹತ್ತಿದವನೇ. ನೆಲದ ಹಲಗೆ ಎಬ್ಬಿಸಿ ನೋಡಿದೆ. ಬಿಸಿನೀರು ಹರಿದು ಕೋಣೆ ಕಾಯಿಸುವ ಒಂದೊಂದು ರೇಡಿಯೇಟರಿನ ಬುಡಕ್ಕೂ ಟಿಶ್ಯೂ ಕಾಗದ ಸುತ್ತಿದೆ, ಒಂದೂ ಒದ್ದೆಯಾಗಲಿಲ್ಲ. ಕೊನೆಗೆ ಪತ್ತೆ ಹಚ್ಚಿದವರು ಊರಿನಿಂದ ಬಂದಿದ್ದ ಅಮ್ಮ. ಜನವರಿಯ ಒಂದು ಬೆಳಿಗ್ಗೆ ಹಿತ್ತಲಿನ ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗಾಗಿತ್ತು. ಅಡುಗೆಮನೆಯ ಗೋಡೆಯಿಂದ ಹೊರಚಾಚಿದ್ದ ತಾಮ್ರದ ಕೊಳವೆಯ ಕೆಳಗೆ ಮಾತ್ರ ಒಂದು ತಟ್ಟೆಯಗಲ ಹಸಿರು. "ಇಲ್ಲಿ ಯಾರೋ ಬಿಸಿನೀರು ಚೆಲ್ಲಿದ್ದಾರಲ್ಲೋ" ಎಂದರು. ಚೆಲ್ಲಿದ್ದು ಬಾಯ್ಲರೇ. ಆ ಕೊಳವೆ ಸುರಕ್ಷತಾ ವಾಲ್ವಿನದು. ಒತ್ತಡ 3 ಬಾರ್ ದಾಟಿದರೆ ವಾಲ್ವ್ ತೆರೆದುಕೊಂಡು ನೀರನ್ನು ಹೊರಗೆ ಉಗುಳುತ್ತದೆ. ಹಾಗಾಗಿ ಬೆಳಗಿನ ಸೊನ್ನೆಗೆ ಕಾರಣವನ್ನು ರಾತ್ರಿಯ ಮೂರರಲ್ಲಿ ಹುಡುಕಬೇಕು.

ಬೆಂಗಳೂರಿನ ತಾರಸಿಯ ಸೋಲಾರ್ ಹೀಟರಿಗೆ ಈ ತಾಪತ್ರಯವಿಲ್ಲ. ಅದರ ಟ್ಯಾಂಕಿನ ನೆತ್ತಿಯಲ್ಲಿ ಗಾಳಿ ಕೊಳವೆ ಬಾಯಿ ತೆರೆದುಕೊಂಡೇ ಇರುತ್ತದೆ. ಇಂಗ್ಲೆಂಡಿನಲ್ಲೂ ಹಳೆಯ ಮನೆಗಳ ಅಟ್ಟದಲ್ಲಿ ಹಿಗ್ಗಿದ ನೀರಿಗೆಂದೇ ಒಂದು ಪುಟ್ಟ ತೊಟ್ಟಿ ಇರುತ್ತದೆ. ಆದರೆ ಕೋಣೆಗಳನ್ನೂ ನಲ್ಲಿಯ ನೀರನ್ನೂ ಒಂದೇ ಪೆಟ್ಟಿಗೆಯಿಂದ ಕಾಯಿಸುವ ಕಾಂಬಿ ಬಾಯ್ಲರಿನ ಹೀಟಿಂಗ್ ನೀರು ಓಡಾಡುವುದು ಪೂರ್ತಿ ಮುಚ್ಚಿದ ಸುತ್ತಿನಲ್ಲಿ. ಅದರೊಳಗಿನ 100 ಲೀಟರ್ ನೀರು 10 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಹೆಚ್ಚುಕಡಿಮೆ 3 ಲೀಟರಿನಷ್ಟು ಹಿಗ್ಗುತ್ತದೆ. ನೀರನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು. ಎಕ್ಸ್‌ಪ್ಯಾನ್ಷನ್ ವೆಸೆಲ್ ಎಂಬ ಉಕ್ಕಿನ ಡಬ್ಬಿಯ ಕೆಲಸ ಇಷ್ಟೇ. ನಡುವೆ ರಬ್ಬರ್ ಪರದೆ, ಒಂದು ಬದಿಗೆ ಹೀಟಿಂಗಿನ ನೀರು, ಇನ್ನೊಂದು ಬದಿಗೆ ಗಾಳಿ ಅಥವಾ ಸಾರಜನಕ. ಕಾಂಬಿಗಳಲ್ಲಿ ಇದು ಸಾಮಾನ್ಯವಾಗಿ ಬಾಯ್ಲರ್ ಪೆಟ್ಟಿಗೆಯ ಒಳಗೇ ಅಡಗಿರುತ್ತದೆ.

ಲೆಕ್ಕ ಬೇಡದವರು ಈ ಪ್ಯಾರಾ ಹಾರಿಸಿ. 8 ಲೀಟರಿನ ವೆಸೆಲ್‌ಗೆ 0.75 ಬಾರ್ ಗಾಳಿ ತುಂಬಿ, ತಣ್ಣಗಿರುವಾಗ ನೀರಿನ ಒತ್ತಡವನ್ನು 1 ಬಾರ್‌ಗೆ ಇಟ್ಟರೆ ಗಾಳಿಗೆ 7 ಲೀಟರ್ ಜಾಗ ಉಳಿಯುತ್ತದೆ. ಹಿಗ್ಗಿದ 3 ಲೀಟರ್ ನೀರು ನುಗ್ಗಿ ಅದನ್ನು 4 ಲೀಟರಿಗೆ ಅದುಮಿದರೂ ಒತ್ತಡ 2.5 ಬಾರ್ ದಾಟುವುದಿಲ್ಲ. ಅದೇ ವೆಸೆಲ್‌ನ ಗಾಳಿ ವರ್ಷಗಳಲ್ಲಿ ಮೆಲ್ಲಗೆ ಸೋರಿ, ಹೊರಗಿನ ವಾತಾವರಣದ ಒತ್ತಡವಷ್ಟೇ ಉಳಿದಿದೆ ಎನ್ನಿ. ಆಗ ನೀರು ತಣ್ಣಗಿರುವಾಗಲೇ ಗಾಳಿ 4 ಲೀಟರಿಗೆ ಕುಗ್ಗಿರುತ್ತದೆ, 2 ಲೀಟರಿಗೆ ಬರುವಷ್ಟರಲ್ಲಿ ಒತ್ತಡ 3 ಬಾರ್. ಜಾಗ ಸಿಗದ 1 ಲೀಟರ್ ನೀರು ಹಿತ್ತಲಿನ ಪಾಲು. ತಣಿದಾಗ ಮುಳ್ಳು 0.6ಕ್ಕೆ ಬಂದು ನಿಲ್ಲುತ್ತದೆ. ಗಾಳಿ ಅದಕ್ಕಿಂತಲೂ ಕಡಿಮೆಯಿದ್ದರೆ ನಿಮ್ಮ ಹಾಗೆ ಸೊನ್ನೆ. (ಬಾಯಿಲನ ನಿಯಮವೇ: ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡರಷ್ಟು. ಮುಳ್ಳು ತೋರಿಸುವ ಅಂಕಿಗೆ ವಾತಾವರಣದ 1 ಬಾರ್ ಸೇರಿಸಿ ಲೆಕ್ಕ ಹಾಕಬೇಕು.)

ಇನ್ನು ನನ್ನ ಎಡವಟ್ಟಿಗೆ ಬರುತ್ತೇನೆ. ಅಮ್ಮ ತೋರಿಸಿದ ಮೇಲೆ ಕೈಪಿಡಿ ಓದಿ ವೆಸೆಲ್‌ನ ಮೇಲೆ ಅನುಮಾನವನ್ನೂ ಪಟ್ಟಿದ್ದೆ. ಅದಕ್ಕೆ ಗಾಳಿ ತುಂಬುವ ವಾಲ್ವ್ ಕಾರಿನ ಟೈರಿಗಿರುವಂಥದ್ದೇ. ನಮ್ಮ ಬಾಯ್ಲರಿನಲ್ಲಿ ಅದು ಪೆಟ್ಟಿಗೆಯ ಮೇಲ್ಭಾಗದಲ್ಲಿ ಹೊರಗೇ ಇತ್ತು. ಕಪ್ಪು ಮುಚ್ಚಳ ತಿರುಗಿಸಿ ತೆಗೆದು ಟೈರ್ ಗೇಜ್ ಒತ್ತಿದೆ. 1.2 ಬಾರ್. ಕೈಪಿಡಿಯಲ್ಲಿದ್ದದ್ದು 0.75. ಗಾಳಿ ಬೇಕಾದದ್ದಕ್ಕಿಂತ ಹೆಚ್ಚೇ ಇದೆ ಎಂದುಕೊಂಡು ಜಾಣನಂತೆ ಒಂದಿಷ್ಟನ್ನು ಹೊರಗೂ ಬಿಟ್ಟೆ! ಬಿಡುತ್ತಿದ್ದಂತೆ ನನ್ನ ಕೈಯ ಗೇಜು, ಬಾಯ್ಲರಿನ ಮುಖದ ಮೇಲಿನ ಮುಳ್ಳು ಎರಡೂ ಒಟ್ಟೊಟ್ಟಿಗೆ ಇಳಿದವು. ಉತ್ತರ ಅಲ್ಲೇ ಇತ್ತು, ನನಗೆ ಹೊಳೆಯಲಿಲ್ಲ.

ರಬ್ಬರ್ ಪರದೆ ಗೋಡೆಯ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಆ ಬದಿಯ ನೀರು ಒತ್ತಿದಷ್ಟೂ ಈ ಬದಿಗೆ ಸರಿಯುತ್ತದೆ, ಎರಡೂ ಬದಿಯ ಒತ್ತಡ ಸಮವಾಗುವವರೆಗೆ. ನೀರು 1.2 ಬಾರ್‌ನಲ್ಲಿದ್ದರೆ ಗಾಳಿಯೂ 1.2 ಬಾರ್‌ನಲ್ಲಿರುತ್ತದೆ, ಆ ಗಾಳಿ 7 ಲೀಟರ್ ಇರಲಿ, ಅರ್ಧ ಲೀಟರ್ ಇರಲಿ. ಗಾಳಿ ಅಳೆಯುತ್ತಿದ್ದೇನೆ ಎಂದುಕೊಂಡು ನಾನು ಅಳೆದದ್ದು ನೀರನ್ನೇ. ಗಾಳಿ ಎಷ್ಟಿದೆ ಎಂಬುದು ಗೊತ್ತಾಗಬೇಕಾದರೆ ಎದುರು ಬದಿಯಲ್ಲಿ ಒತ್ತುವವರು ಇರಬಾರದು. ಬಾಯ್ಲರ್ ಆರಿಸಿ, ತಣಿಯಲು ಬಿಟ್ಟು, ಡ್ರೈನ್ ನಲ್ಲಿಯಿಂದ ನೀರು ಬಿಟ್ಟು ಮುಳ್ಳನ್ನು ಸೊನ್ನೆಗೆ ತಂದು, ಆ ನಲ್ಲಿಯನ್ನು ತೆರೆದೇ ಇಟ್ಟು ಅಳೆಯಬೇಕು. ಈ ಒಂದು ಸಾಲು ಕೈಪಿಡಿಯಲ್ಲೂ ಇತ್ತು, ನಾನು ಅಂಕಿಯನ್ನಷ್ಟೇ ಓದಿದ್ದೆ.

ವೆಸೆಲ್ ನಿರಪರಾಧಿ ಎಂದು ತೀರ್ಪು ಕೊಟ್ಟವನು ಮತ್ತೊಂದು ಚಳಿಗಾಲ ತೂತು ಕೊಡಕ್ಕೆ ನೀರು ಹೊತ್ತೆ. ರೆಡಿಂಗ್‌ನದು ಸುಣ್ಣದ ನೆಲ, ನೀರು ಬಲು ಗಡಸು. ದಿನವೂ ಸೇರುವ ಹೊಸ ನೀರಿನ ಜೊತೆ ಸುಣ್ಣವೂ ಆಮ್ಲಜನಕವೂ ಒಳಗೆ ಹೋದವು. ತುಕ್ಕು ತಡೆಯಲೆಂದು ಬೆರೆಸಿದ್ದ ಇನ್ಹಿಬಿಟರ್ ತೆಳ್ಳಗಾಯಿತು. ರೇಡಿಯೇಟರಿನಿಂದ ಮಸಿಯಂಥ ನೀರು ಬರತೊಡಗಿತು, ಬಾಯ್ಲರ್ ಒಳಗೆ ಗುಡುಗುಡು ಸದ್ದು. ಕೊನೆಗೆ ಉರಿಯ ಕಾವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರನ್ನೇ ಬದಲಿಸಬೇಕಾಯಿತು. ಆ ಬಿಲ್ಲಿನ ದುಡ್ಡಿಗೆ ಊರಿಗೆ ಹೋಗಿಬರಬಹುದಿತ್ತು.

ಆದ್ದರಿಂದ ನಿಮ್ಮ ದ್ರಾವಣದ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಿ. ವೆಸೆಲ್‌ನಿಂದ ಹೋಗಿರುವ ಗಾಳಿಯನ್ನು ನೀರಿಗೆ ಸುರಿದ ಅಂಟು ವಾಪಸು ತರುವುದಿಲ್ಲ. ಹೊಸ ಬಾಯ್ಲರ್ ಹಾಕಿಸಿ ಎಂದವರನ್ನು ಒಂದೇ ಮಾತು ಕೇಳಿ: "ನೀರು ಖಾಲಿ ಮಾಡಿ ಗಾಳಿ ಅಳೆದಿರಾ?" ಇಲ್ಲ ಎಂದರೆ ಚಹಾ ಕೊಟ್ಟು ಕಳುಹಿಸಿ. ಗ್ಯಾಸ್ ಸೇಫ್ (ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇರುವ ಎಂಜಿನಿಯರ್‌ನನ್ನೇ ಕರೆಸಿ, ನೀವಾಗಿ ಬಾಯ್ಲರಿನ ಮುಚ್ಚಳ ಬಿಚ್ಚಬೇಡಿ. ಹಲವು ಮಾದರಿಗಳಲ್ಲಿ ಆ ಮುಚ್ಚಳವೇ ಉರಿಯ ಹೊಗೆಯನ್ನು ಒಳಗೆ ತಡೆದಿಡುವ ತಡೆ.

ಅವರು ವಾಲ್ವಿನ ಪಿನ್ ಒತ್ತಿದಾಗ ಗಾಳಿ ಬಂದರೆ, ಅಥವಾ ಏನೂ ಬರದಿದ್ದರೆ, ಪಂಪ್ ಹೊಡೆದು ನೋಡಬಹುದು. ನೀರು ಬಂದರೆ ರಬ್ಬರ್ ಹರಿದಿದೆ, ವೆಸೆಲ್ ಹೊಸದೇ ಬೇಕು. ಒಳಗಿನದನ್ನು ತೆಗೆಯಲು ಬಾಯ್ಲರನ್ನೇ ಗೋಡೆಯಿಂದ ಇಳಿಸಬೇಕು ಎಂದು ಹೆದರಿಸಿದರೆ, ತಣಿದ ನೀರು ಬಾಯ್ಲರಿಗೆ ಮರಳುವ ರಿಟರ್ನ್ ಪೈಪಿಗೆ, ಪೆಟ್ಟಿಗೆಯ ಹೊರಗಡೆ ಒಂದು ಕೆಂಪು ವೆಸೆಲ್ ಕೂರಿಸಿಕೊಡಲು ಹೇಳಿ. ನಮ್ಮ ಮನೆಯಲ್ಲಿ ಈಗ ಇರುವುದು ಅದೇ, ನೋಡಲು ಚೆಂದವಿಲ್ಲ, ನನಗೇನೂ ಬೇಸರವಿಲ್ಲ. ಗಾಳಿ ಸರಿಯಿದ್ದೂ ಮುಳ್ಳು ಮೂರಕ್ಕೆ ಓಡಿದರೆ ವೆಸೆಲ್‌ಗೆ ಹೋಗುವ ಸಣ್ಣ ಪೈಪು ಕೆಸರು ಕಟ್ಟಿರಬಹುದು, ಇಲ್ಲವೇ ಹಿಂದಿನ ಮಾಲೀಕರು ರೇಡಿಯೇಟರುಗಳನ್ನು ಹೆಚ್ಚಿಸಿ ವೆಸೆಲ್ ಸಾಲದಾಗಿರಬಹುದು.

ಸುರಕ್ಷತಾ ವಾಲ್ವನ್ನೂ ಅದೇ ದಿನ ಬದಲಿಸಿಕೊಳ್ಳಿ. ಇಷ್ಟು ಸಲ ತೆರೆದು ಮುಚ್ಚಿದ ವಾಲ್ವಿನ ಬಾಯಲ್ಲಿ ಕಸ ಸಿಕ್ಕಿ ಅದು ಮತ್ತೆ ಪೂರ್ತಿ ಕೂರುವುದಿಲ್ಲ. ವೆಸೆಲ್ ಸರಿಹೋದ ಮೇಲೂ ತೊಟ್ಟಿಕ್ಕುತ್ತದೆ. ಇವತ್ತು ರಾತ್ರಿ ಹೊರಗಿನ ತಾಮ್ರದ ಕೊಳವೆಯ ಕೆಳಗೆ ಒಂದು ಖಾಲಿ ಡಬ್ಬ ಇಡಿ, ಬೆಳಿಗ್ಗೆ ಎಷ್ಟು ನೀರಿದೆ ನೋಡಿ ಎಂಜಿನಿಯರ್‌ಗೆ ಹೇಳಿ. ಆ ಕೊಳವೆಯ ಬಾಯಿಗೆ ಮಾತ್ರ ಯಾವ ಕಾರಣಕ್ಕೂ ಬಿರಡೆ ಹಾಕಬೇಡಿ.