ಪಿಟಿಸಿ (ಕೆಲವರಿಗೆ ಮಾತ್ರ ಕಹಿ ಎನಿಸುವ ರಾಸಾಯನಿಕ) ಪ್ರಾಜೆಕ್ಟ್‌ನಲ್ಲಿ ವರ್ಗಮೂಲದಿಂದ ಅಲೀಲ್ (ಜೀನಿನ ಒಂದು ರೂಪ) ಆವರ್ತನ ತೆಗೆದೆ. ಹಾರ್ಡಿ–ವೈನ್‌ಬರ್ಗ್ ಸಮತೋಲನ (ಎರಡು ಅಲೀಲ್‌ಗಳ ಆವರ್ತನ ಪಿ, ಕ್ಯೂ ಆದರೆ ಮೂರು ಬಗೆಯ ಜನ ಪಿ ವರ್ಗ, 2ಪಿಕ್ಯೂ, ಕ್ಯೂ ವರ್ಗದ ಪ್ರಮಾಣದಲ್ಲಿ ಇರುವ ಸ್ಥಿತಿ) ಇದೆ ಎಂದು ತೋರಿಸುವುದು ಹೇಗೆ? ಪಿಟಿಸಿ ಬದಲು ಕಿವಿಹಾಲೆ ಅಂಟಿದೆಯೋ ಬಿಡಿಯಾಗಿದೆಯೋ ಎಂಬ ಗುಣ ತೆಗೆದುಕೊಳ್ಳಲೇ?

ಪಿಟಿಸಿಯಿಂದ ತೋರಿಸಲು ಆಗುವುದೇ ಇಲ್ಲ. ಎಂ.ಎಸ್ಸಿ.ಯಲ್ಲಿ ನಾನು ಮಾಡಿದ್ದೂ ಇದೇ ಪ್ರಾಜೆಕ್ಟ್. ಹಾಸ್ಟೆಲಿನ 100 ಹುಡುಗರ ನಾಲಿಗೆಯ ಮೇಲೆ ಪಿಟಿಸಿ ಕಾಗದದ ಚೂರು ಇಟ್ಟೆ. 64 ಜನ ಹಸಿ ಹಾಗಲಕಾಯಿ ಕಚ್ಚಿದವರಂತೆ ಮುಖ ಕಿವುಚಿದರು. 36 ಜನ "ಬರೀ ಕಾಗದ ಕಣೋ" ಅಂದರು. ಕಹಿ ತಿಳಿಯದಿರುವುದು ರಿಸೆಸಿವ್ (ಎರಡೂ ಅಲೀಲ್ ಅದೇ ಆದರೆ ಮಾತ್ರ ಕಾಣುವ ಗುಣ) ಎಂದು ಹಿಡಿದು 0.36ರ ವರ್ಗಮೂಲ ತೆಗೆದೆ: ಆ ಅಲೀಲಿನ ಆವರ್ತನ ಕ್ಯೂ 0.6, ಇನ್ನೊಂದರದು ಪಿ 0.4. ಅದರಿಂದಲೇ ನಿರೀಕ್ಷಿತ ಸಂಖ್ಯೆ ಹಾಕಿದೆ: 64, 36. ಕೈ-ಸ್ಕ್ವೇರ್ (ಎಣಿಕೆಗೂ ನಿರೀಕ್ಷೆಗೂ ಇರುವ ಅಂತರದ ಅಳತೆ) ಸೊನ್ನೆ! ಖುಷಿಯಿಂದ ಬೈಂಡ್ ಮಾಡಿಸಿದೆ.

ವೈವಾದಲ್ಲಿ ಪರೀಕ್ಷಕರು, "ಈ 64ರಲ್ಲಿ ಹೆಟಿರೊಜೈಗಸ್ ಎಷ್ಟು ಜನ?" ಎಂದರು. ಅಂದರೆ ಎರಡು ಬೇರೆ ಬೇರೆ ಅಲೀಲ್ ಇರುವವರು. "48 ಸರ್." "ನೀವು ಎಣಿಸಿದ್ದಾ?" ನನ್ನ ಬಾಯಿ ಕಟ್ಟಿತು. ಅರ್ಧಕ್ಕರ್ಧ ಅಂಕ ಅಲ್ಲೇ ಹೋಯಿತು.

ತಪ್ಪು ಎಲ್ಲಿ ಅಂದರೆ, ರಿಸೆಸಿವ್ ಜನರ ಪ್ರಮಾಣ ಕ್ಯೂ ವರ್ಗಕ್ಕೆ ಸಮ ಅನ್ನುವುದು ಸಮತೋಲನ ಇದ್ದರೆ ಮಾತ್ರ ನಿಜ. ವರ್ಗಮೂಲ ತೆಗೆದಾಗಲೇ ನಾನು ಅದನ್ನು ಒಪ್ಪಿಕೊಂಡಿದ್ದೆ. ಒಪ್ಪಿಕೊಂಡದ್ದನ್ನೇ ಮತ್ತೆ ಪರೀಕ್ಷೆಗೆ ಹಚ್ಚಿದ್ದೆ. 36ರ ಬದಲು 10 ಬಂದಿದ್ದರೂ ಉತ್ತರ ಸೊನ್ನೆಯೇ, 90 ಬಂದಿದ್ದರೂ ಸೊನ್ನೆಯೇ. ಗುಂಪು ಎರಡು, ಒಟ್ಟು ಸಂಖ್ಯೆಗೆ ಒಂದು, ಅಂದಾಜು ಮಾಡಿದ ಕ್ಯೂಗೆ ಒಂದು ಕಳೆದರೆ ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಸಂಖ್ಯೆಗಳು) ಏನೂ ಉಳಿಯುವುದಿಲ್ಲ. ಪರೀಕ್ಷೆಯೇ ನಡೆದಿರಲಿಲ್ಲ. ಅದೂ ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವುದು ಹೊಸದಲ್ಲ. ಅಂಥ ಮದುವೆ ಹೆಚ್ಚಿರುವ ಕಡೆ ಹೋಮೋಜೈಗಸ್ (ಎರಡೂ ಅಲೀಲ್ ಒಂದೇ ಇರುವವರು) ಹೆಚ್ಚುತ್ತಾರೆ, ವರ್ಗಮೂಲ ಕ್ಯೂವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ.

ಕಿವಿಹಾಲೆಯ ಸಹವಾಸ ಬೇಡವೇ ಬೇಡ. ಅದು ಒಂದೇ ಜೀನಿನ ಗುಣ ಅಲ್ಲ, ಪಠ್ಯಪುಸ್ತಕದಲ್ಲಿ ಏನೇ ಇರಲಿ.

ಎಂಎನ್ ರಕ್ತದ ಗುಂಪು ಮಾಡಿ. ಬಿಳಿ ಟೈಲ್ ಮೇಲೆ ಎರಡು ಹನಿ ರಕ್ತ. ಒಂದಕ್ಕೆ ಎಂ ಇದೆಯೇ ಎಂದು ತೋರಿಸುವ ದ್ರವ ಆಂಟಿ-ಎಂ, ಇನ್ನೊಂದಕ್ಕೆ ಎನ್ ತೋರಿಸುವ ಆಂಟಿ-ಎನ್. ಎರಡರಲ್ಲೂ ರಕ್ತ ರವೆಯ ಹಾಗೆ ಕಣಕಣವಾದರೆ ಹೆಟಿರೊಜೈಗಸ್, ಕಣ್ಣೆದುರೇ. 100 ಜನರಲ್ಲಿ ಎಂಎಂ 30, ಎಂಎನ್ 40, ಎನ್‌ಎನ್ 30 ಬಂತು ಅನ್ನಿ. ಎನ್ ಅಲೀಲ್ 60 ಕೂಡಿಸು 40, ಅಂದರೆ 200ರಲ್ಲಿ 100: ಆವರ್ತನ 0.5. ವರ್ಗಮೂಲ ತೆಗೆದಿದ್ದರೆ 0.55 ಬರುತ್ತಿತ್ತು. ನಿರೀಕ್ಷಿತ 25, 50, 25. ಕೈ-ಸ್ಕ್ವೇರ್ 4. ಇಲ್ಲಿ ಗುಂಪು ಮೂರು, ಎರಡು ಕಳೆದರೂ ಡಿಗ್ರಿ ಒಂದು ಉಳಿಯುತ್ತದೆ; ಅದಕ್ಕೆ ಮಿತಿ 3.84, ಅದನ್ನು ದಾಟಿತು. ಹಾಗೇನಾದರೂ ಬಂದರೆ ಸಮತೋಲನ ಇಲ್ಲ ಎಂದೇ ಬರೆಯಿರಿ. ಇದೆ ಎಂದು ತೋರಿಸಲೇಬೇಕೆಂದು ನಿಮಗೆ ಯಾರು ಹೇಳಿದರು?