ಜೋಡಿ ಸೀಳಿನ ಪ್ರಯೋಗ ಮತ್ತು ‘ನೋಡಿದರೆ ಬದಲಾಗುತ್ತದೆ’ ಎಂಬ ಮಾತು

ಮೂಡಿಗೆರೆಯ ಮೇಷ್ಟರೇ, ಫೆಬ್ರವರಿ 28ರ ವಿಜ್ಞಾನ ದಿನದಂದು ಜೋಡಿ ಸೀಳಿನ ಪ್ರಯೋಗವನ್ನು ತೋರಿಸಿ, ‘ನಾವು ನೋಡಿದ ಕೂಡಲೇ ಬೆಳಕು ತನ್ನ ನಡತೆಯನ್ನು ಬದಲಿಸುತ್ತದೆ, ಆದ್ದರಿಂದ ವಾಸ್ತವವನ್ನು ಸೃಷ್ಟಿಸುವುದು ನಮ್ಮ ಮನಸ್ಸು’ ಎಂದು ಮಕ್ಕಳಿಗೆ ವಿವರಿಸಲಿದ್ದೇನೆ ಎಂದು ನೀವು ಬರೆದಿದ್ದೀರಿ. ಪ್ರಯೋಗವನ್ನು ಖಂಡಿತ ತೋರಿಸಿ: ಪಕ್ಕಪಕ್ಕದ ಎರಡು ಸಣ್ಣ ಸೀಳುಗಳಿಂದ ಹಾದ ಬೆಳಕು ಗೋಡೆಯ ಮೇಲೆ ಬೆಳಕು-ಕತ್ತಲಿನ ಸಾಲು ಪಟ್ಟೆಗಳನ್ನು ಮೂಡಿಸುತ್ತದೆ, ಯಾವ ಸೀಳಿನಿಂದ ಬಂತೆಂದು ಪತ್ತೆ ಮಾಡಹೊರಟರೆ ಆ ಪಟ್ಟೆಗಳು ಅಳಿಯುತ್ತವೆ ಎನ್ನುವುದೇ ನಿಮ್ಮ ಮಾತಿನ ಮೂಲ. ಆ ವಾಕ್ಯವನ್ನು ಮಾತ್ರ ದಯವಿಟ್ಟು ಕೈಬಿಡಿ. ಹನ್ನೊಂದು ವರ್ಷಗಳ ಹಿಂದೆ ಸಕಲೇಶಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನೂ ಇದೇ ಮಾತನ್ನು ಹೇಳಿದ್ದೆ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದ ಕೋಣೆಯಲ್ಲಿ ಗೋಡೆಯ ಮೇಲೆ ಕೆಂಪು ಪಟ್ಟೆಗಳು ಸ್ಪಷ್ಟವಾಗಿ ಮೂಡಿದ್ದವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ನಾವು ನಲವತ್ತು ಜನ ನೋಡ್ತಾನೇ ಇದೀವಲ್ಲ, ಪಟ್ಟೆ ಯಾಕೆ ಹೋಗ್ಲಿಲ್ಲ?’ ಎಂದು ಕೇಳಿದಳು. ನಾನು ‘ಅದು ಸೂಕ್ಷ್ಮ ಮಟ್ಟದ ವೀಕ್ಷಣೆ’ ಎಂದೇನೋ ಹೇಳಿ ಮುಂದಕ್ಕೆ ಹೋದೆ. ಅವಳು ಕೇಳಿದ್ದು ಸರಿಯಾಗಿತ್ತು, ನಾನು ಹೇಳಿದ್ದು ತಪ್ಪಾಗಿತ್ತು. ಅದು ನನಗೆ ಅರ್ಥವಾಗುವ ಹೊತ್ತಿಗೆ ಆ ತರಗತಿಯ ಮಕ್ಕಳು ಶಾಲೆ ಮುಗಿಸಿ ಹೋಗಿದ್ದರು.

ಪಟ್ಟೆಗಳನ್ನು ಅಳಿಸುವುದು ಕಣ್ಣೂ ಅಲ್ಲ, ಮನಸ್ಸೂ ಅಲ್ಲ. ಬೆಳಕಿನ ಅಥವಾ ವಸ್ತುವಿನ ಕಣ ಯಾವ ಸೀಳಿನಿಂದ ಬಂತು ಎಂಬುದರ ಗುರುತು ಎಲ್ಲಿಯಾದರೂ ಉಳಿದರೆ ಸಾಕು, ಅದನ್ನು ಯಾರೂ ಓದದಿದ್ದರೂ ಪಟ್ಟೆಗಳು ಹೋಗುತ್ತವೆ. 2004ರಲ್ಲಿ ವಿಯೆನ್ನಾದ ತಂಡವೊಂದು 70 ಕಾರ್ಬನ್ ಪರಮಾಣುಗಳಿರುವ ಅಣುಗಳನ್ನು ಲೇಸರ್‌ನಿಂದ ಕಾಯಿಸಿ, ವ್ಯತಿಕರಣ, ಅಂದರೆ ಇಂಥದೇ ಪಟ್ಟೆಗಳು, ಮೂಡುವ ಉಪಕರಣದ ಮೂಲಕ ಹಾಯಿಸಿತು. ಕಾದ ಅಣು, ಕುಲುಮೆಯಿಂದ ತೆಗೆದ ಕಬ್ಬಿಣದಂತೆ, ದಾರಿಯುದ್ದಕ್ಕೂ ಬೆಳಕನ್ನು ಚೆಲ್ಲುತ್ತದೆ. ತಾನಿರುವ ಜಾಗದ ಗುರುತನ್ನು ಆ ಬೆಳಕಿನಲ್ಲೇ ಬಿಟ್ಟುಹೋಗುತ್ತದೆ. ಶಾಖ ಹೆಚ್ಚಿದಂತೆಲ್ಲ ಪಟ್ಟೆಗಳು ಮಸುಕಾಗುತ್ತ ಹೋದವು. ಚೆಲ್ಲಿದ ಆ ಬೆಳಕನ್ನು ಅಲ್ಲಿ ಯಾರೂ ಹಿಡಿದು ನೋಡುತ್ತಿರಲಿಲ್ಲ. ನಾನು ಆ ಹುಡುಗಿಗೆ ಹೇಳಬೇಕಾಗಿದ್ದ ಉತ್ತರ ಇದು: ನೀವೆಲ್ಲ ನೋಡುತ್ತಿರುವುದು ಗೋಡೆಗೆ ಬಡಿದು ಬಂದ ಬೆಳಕನ್ನು, ಅದರಲ್ಲಿ ಸೀಳಿನ ಗುರುತು ಇಲ್ಲ.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸಬಹುದು, ಮತ್ತು ನೀವು ಯೋಜಿಸಿರುವ ಬ್ಲೇಡಿನ ಗೀರಿಗಿಂತ ಈ ವಿಧಾನವೇ ನನಗೆ ಹೆಚ್ಚು ಒಗ್ಗಿದೆ. ಎರಡು ಬ್ಲೇಡುಗಳನ್ನು ಜೋಡಿಸಿ, ಮಸಿ ಬಳಿದ ಗಾಜಿನ ಮೇಲೆ ಗೀರಿದರೆ ಸುಮಾರು 0.1 ಮಿಲಿಮೀಟರ್ ಅಂತರದ ಸೀಳುಗಳು ಸಿಗುತ್ತವೆ, 3 ಮೀಟರ್ ದೂರದ ಗೋಡೆಯ ಮೇಲೆ ಪಟ್ಟೆಗಳ ನಡುವೆ ಸುಮಾರು 2 ಸೆಂಟಿಮೀಟರ್ ಅಂತರ ಬರುತ್ತದೆ. ಅದು ಚೆನ್ನಾಗಿಯೇ ಇರುತ್ತದೆ, ಆದರೆ ಅಷ್ಟು ಹತ್ತಿರದ ಸೀಳುಗಳಿಗೆ ಬೇರೆ ಬೇರೆ ಗುರುತು ಹಾಕುವುದು ಮನೆಯಲ್ಲಿ ಆಗದ ಕೆಲಸ. ಅದರ ಬದಲು ಒಂದು ಕೂದಲನ್ನು ಅಥವಾ ಹಳೆಯ ವೈರಿನೊಳಗಿನ ತಾಮ್ರದ ಒಂದು ಎಳೆಯನ್ನು ಕಿರಣಕ್ಕೆ ಅಡ್ಡ ಹಿಡಿಯಿರಿ; ಎಡಗಡೆಯ ಬೆಳಕು ಒಂದು ದಾರಿ, ಬಲಗಡೆಯದು ಇನ್ನೊಂದು ದಾರಿ. ಈಗ ಪೋಲರಾಯ್ಡ್ ಹಾಳೆಯ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ, ಆ ದಿಕ್ಕೇ ಅದರ ಅಕ್ಷ) ಎರಡು ತುಂಡುಗಳನ್ನು, ಒಂದರ ಅಕ್ಷ ನಿಂತಂತೆ, ಇನ್ನೊಂದರದು ಮಲಗಿದಂತೆ, ಅಂಚಿಗೆ ಅಂಚು ಕೂಡಿಸಿ, ಕೂಡಿದ ಗೆರೆಯ ಮೇಲೆ ಸರಿಯಾಗಿ ಆ ಎಳೆಯನ್ನು ಅಂಟಿಸಿ. ಎಡದಿಂದ ಬಂದ ಬೆಳಕಿಗೆ ಒಂದು ಗುರುತು, ಬಲದಿಂದ ಬಂದದ್ದಕ್ಕೆ ಬೇರೊಂದು ಗುರುತು ಬಿತ್ತು. ಗೋಡೆಯ ಮೇಲಿನ ನವಿರಾದ ಪಟ್ಟೆಗಳು ಹೋಗಿ ಬರಿಯ ಕೆಂಪು ಹರಡಿಕೆ ಉಳಿಯುತ್ತದೆ. ಆಮೇಲೆ ಮೂರನೆಯ ತುಂಡನ್ನು 45 ಡಿಗ್ರಿ ಓರೆಯಾಗಿ ಗೋಡೆಗೂ ಎಳೆಗೂ ನಡುವೆ ಹಿಡಿಯಿರಿ. ಗುರುತು ಅಳಿಯುತ್ತದೆ, ಪಟ್ಟೆಗಳು ಮರಳಿ ಬರುತ್ತವೆ. ಅದನ್ನೇ ಇನ್ನೊಂದು ಕಡೆಗೆ 45 ಡಿಗ್ರಿ ಓರೆ ಮಾಡಿದರೆ ಬೆಳಗಿದ್ದ ಕಡೆ ಕತ್ತಲು, ಕತ್ತಲಿದ್ದ ಕಡೆ ಬೆಳಕು ಬರುತ್ತದೆ. ಕೋಣೆಯಲ್ಲಿ ಕುಳಿತವರು ಮೊದಲಿನಿಂದ ಕೊನೆಯವರೆಗೆ ಅಷ್ಟೇ ಜನ, ಅವರು ನೋಡುತ್ತಿರುವುದೂ ಅಷ್ಟೇ, ಎಂಬುದನ್ನು ಮಕ್ಕಳಿಂದಲೇ ಹೇಳಿಸಿ.

ಇದರಲ್ಲಿ ಕೆಲವು ತೊಡಕುಗಳಿವೆ. ಪೋಲರಾಯ್ಡನ್ನು ನಾನು ಕೆಟ್ಟುಹೋದ ಕ್ಯಾಲ್ಕುಲೇಟರ್‌ಗಳ ಪರದೆಯಿಂದ ಬಿಡಿಸಿಕೊಂಡಿದ್ದೇನೆ. ಹಳೆಯ ಕ್ಯಾಸಿಯೋದ ಪರದೆಯಿಂದ ಬಂದ ಹಾಳೆ ನನಗೆ ಎಲ್ಲಕ್ಕಿಂತ ಸ್ವಚ್ಛವಾಗಿ ಸಿಕ್ಕಿತು. ಹಿಂಬದಿಯ ಅಂಟನ್ನು ಪೂರ್ತಿ ತೆಗೆಯದಿದ್ದರೆ ಬೆಳಕು ಚೆದುರಿ ಏನೂ ಕಾಣುವುದಿಲ್ಲ. ಹಾಳೆಯ ಅಂಚನ್ನು ನೋಡಿ ಅಕ್ಷವನ್ನು ಊಹಿಸಬೇಡಿ, ಬಹಳಷ್ಟು ಹಾಳೆಗಳಲ್ಲಿ ಅದು ಓರೆಯಾಗಿರುತ್ತದೆ. ನೀರು ಹಾಕಿ ಒರೆಸಿದ ನೆಲದ ಮೇಲಿನ ಹೊಳಪನ್ನು ಓರೆಯಾಗಿ, ಹಾಳೆಯ ಮೂಲಕ ನೋಡುತ್ತ ಹಾಳೆಯನ್ನು ತಿರುಗಿಸಿ. ಹೊಳಪು ತೀರ ಕಡಿಮೆಯಾದಾಗ ಅಕ್ಷ ನೇರವಾಗಿ ನಿಂತಿದೆ ಎಂದರ್ಥ. ಲೇಸರ್‌ನ ಬೆಳಕಿಗೇ ಒಂದು ಅಕ್ಷ ಇರುವುದರಿಂದ, ಎರಡೂ ತುಂಡುಗಳಿಂದ ಸಮನಾದ ಬೆಳಕು ಬರುವವರೆಗೆ ಲೇಸರನ್ನೂ ತಿರುಗಿಸಬೇಕು. ಕೀಚೈನಿನ ಕೆಂಪು ಲೇಸರ್ ಸಾಕು. ಅಗ್ಗದ ಹಸಿರು ಲೇಸರನ್ನು ಶಾಲೆಗೆ ಒಯ್ಯಲೇಬೇಡಿ: ಅದರ ಹಸಿರು ಬೆಳಕು ಹುಟ್ಟುವುದೇ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ, ಒಳಗೆ ಸೋಸುಗಾಜು ಇಲ್ಲದಿದ್ದರೆ ಅದೂ ಹೊರಗೆ ಬಂದು ಮಕ್ಕಳ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ನೀವು ತೋರಿಸುವ ಈ ಪಟ್ಟೆಗಳನ್ನೆಲ್ಲ, ಪೋಲರಾಯ್ಡಿನ ಆಟವನ್ನೂ ಸೇರಿಸಿ, ಬೆಳಕು ಒಂದು ಅಲೆ ಎಂಬ ಹಳೆಯ ತಿಳಿವಳಿಕೆಯಿಂದಲೇ ಪೂರ್ತಿಯಾಗಿ ವಿವರಿಸಬಹುದು. 1 ಮಿಲಿವ್ಯಾಟ್‌ನ ಕೆಂಪು ಲೇಸರ್ ಒಂದು ಸೆಕೆಂಡಿಗೆ 3000 ಲಕ್ಷ ಕೋಟಿಗೂ ಹೆಚ್ಚು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಕಳುಹಿಸುತ್ತದೆ. ಅಷ್ಟೊಂದು ಗುಂಪಿನಲ್ಲಿ ಕ್ವಾಂಟಮ್ ಬೆರಗು ಕಾಣುವುದಿಲ್ಲ. ಆ ಬೆರಗು ಶುರುವಾಗುವುದು ಒಂದೊಂದನ್ನೇ ಕಳುಹಿಸಿದಾಗ. 1909ರಲ್ಲಿ ಜೆಫ್ರಿ ಟೇಲರ್ ಬೆಳಕನ್ನು ಮಸಿ ಹಿಡಿಸಿದ ಗಾಜುಗಳಿಂದ ಕುಗ್ಗಿಸಿ, ಸೂಜಿಯೊಂದರ ನೆರಳನ್ನು ಸುಮಾರು ಮೂರು ತಿಂಗಳ ಕಾಲ ಛಾಯಾಫಲಕದ ಮೇಲೆ ಬೀಳಿಸಿದಾಗಲೂ ಪಟ್ಟೆಗಳು ಹಾಗೆಯೇ ಇದ್ದವು. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಅವರ ತಂಡ ಎಲೆಕ್ಟ್ರಾನುಗಳನ್ನು ಎರಡು ದಾರಿಗಳಿರುವ ಉಪಕರಣದ ಮೂಲಕ ಒಂದೊಂದಾಗಿ ಕಳುಹಿಸಿತು. ಮೊದಲು ಪರದೆಯ ಮೇಲೆ ಒಂದು ಚುಕ್ಕೆ, ಬೇರೆಲ್ಲೋ ಇನ್ನೊಂದು, ಹೊಸ ಮಳೆಯ ಹನಿಗಳು ಅಂಗಳದ ಮೇಲೆ ಬಿದ್ದಂತೆ ಗೊತ್ತುಗುರಿಯಿಲ್ಲದೆ. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ಪಟ್ಟೆಗಳು ತಾವಾಗಿ ಎದ್ದು ಕಂಡವು. ಜೊತೆಗೆ ಬಂದ ಇನ್ನೊಂದು ಎಲೆಕ್ಟ್ರಾನ್ ಇರಲಿಲ್ಲ. ಹಾಗಾದರೆ ಪ್ರತಿಯೊಂದೂ ಪಟ್ಟೆಯ ಲೆಕ್ಕವನ್ನು ಹೇಗೆ ಪಾಲಿಸಿತು? ‘ಯಾವುದೋ ಒಂದು ದಾರಿಯಿಂದ ಹೋಗಿಯೇ ಇರುತ್ತದೆ, ನಮಗೆ ತಿಳಿದಿಲ್ಲ ಅಷ್ಟೆ’ ಎಂಬ ನಮ್ಮ ದಿನನಿತ್ಯದ ನಂಬಿಕೆ ಕುಸಿಯುವುದು ಇಲ್ಲಿ. ನಿಮ್ಮ ಪ್ರಯೋಗ ಮುಗಿದ ಮೇಲೆ ತೊನೊಮುರಾ ಅವರ ಚುಕ್ಕೆಗಳ ಚಿತ್ರವನ್ನು ದೊಡ್ಡದಾಗಿ ತೋರಿಸಿ.

ಹಾಗೆಂದು ‘ಎಲೆಕ್ಟ್ರಾನ್ ಎರಡೂ ಸೀಳುಗಳಲ್ಲಿ ಹಾದುಹೋಗುತ್ತದೆ’ ಎಂದು ಘೋಷಿಸುವುದೂ ಬೇಡ. 1952ರಲ್ಲಿ ಭೌತವಿಜ್ಞಾನಿ ಡೇವಿಡ್ ಬೋಮ್ ಮಂಡಿಸಿದ ವ್ಯಾಖ್ಯಾನದಲ್ಲಿ ಕಣಕ್ಕೆ ಒಂದೇ ನಿಶ್ಚಿತ ದಾರಿ ಇದೆ, ಆದರೆ ದೂರದಲ್ಲಿ ನಡೆದದ್ದು ತಕ್ಷಣ ಇಲ್ಲಿ ತಟ್ಟುತ್ತದೆ ಎಂದು ಒಪ್ಪಬೇಕಾಗುತ್ತದೆ. ಇನ್ನೊಬ್ಬ ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದ್ದೂ ಈ ಇಕ್ಕಟ್ಟನ್ನೇ: ವಸ್ತುವಿನ ಗುಣಗಳು ಅಳೆಯುವ ಮೊದಲೇ ನಿಗದಿಯಾಗಿವೆ, ದೂರದ ಅಳತೆ ಇಲ್ಲಿಗೆ ತಟ್ಟುವುದಿಲ್ಲ, ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಲೆಕ್ಕ ಕೂಡುವುದಿಲ್ಲ. ಅದನ್ನು ಪ್ರಯೋಗದಲ್ಲಿ ಪರೀಕ್ಷಿಸಿದ ಕ್ಲಾಸರ್, ಆಸ್ಪೆ, ತ್ಸೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಇಷ್ಟು ದೊಡ್ಡ ವಿಷಯ ಎದುರಿಗಿರುವಾಗ, ಮನಸ್ಸಿಟ್ಟು ನೋಡಿದರೆ ಬಯಸಿದ್ದು ಸಿಗುತ್ತದೆ ಎನ್ನುವ ವಿಡಿಯೋಗಳನ್ನು ನಮ್ಮ ಗುಂಪಿನವರೇ ಹಂಚಿಕೊಳ್ಳುವುದು ನನಗೆ ನಿಜವಾಗಿ ಬೇಸರ ತರುತ್ತದೆ. ದಯವಿಟ್ಟು ನಿಲ್ಲಿಸಿ.

ನಮ್ಮ ಕಡೆಯ ಮಕ್ಕಳು ‘ಕಾಫಿ ಬೀಜ ಯಾಕೆ ಹೀಗೆ ಮಾಡೋದಿಲ್ಲ?’ ಎಂದು ಕೇಳಿಯೇ ಕೇಳುತ್ತಾರೆ, ಲೆಕ್ಕವನ್ನು ಸಿದ್ಧವಾಗಿಟ್ಟುಕೊಳ್ಳಿ. 0.15 ಗ್ರಾಂ ತೂಕದ ಬೀಜ ಸೆಕೆಂಡಿಗೆ 1 ಮೀಟರ್ ಉರುಳಿದರೆ, ಚಲಿಸುವ ವಸ್ತುವಿನ ಅಲೆಯ ಉದ್ದವನ್ನು ತಿಳಿಸುವ ಡಿ ಬ್ರಾಯ್ ಸೂತ್ರದ ಪ್ರಕಾರ ಅದರ ತರಂಗದೂರ ಪ್ರೋಟಾನಿನ ಗಾತ್ರಕ್ಕಿಂತ ಲಕ್ಷ ಕೋಟಿ ಪಟ್ಟಿಗೂ ಮೀರಿ ಚಿಕ್ಕದು, ಅಷ್ಟು ಚಿಕ್ಕ ಅಲೆಯ ಪಟ್ಟೆಗಳು ಕಾಣುವ ಮಾತೇ ಇಲ್ಲ. ಅದಲ್ಲದೆ ಗಾಳಿಯ ಅಣುಗಳೂ ಬಿಸಿಲೂ ಪ್ರತಿ ಕ್ಷಣ ಬೀಜಕ್ಕೆ ಬಡಿದು, ಅದು ಎಲ್ಲಿದೆ ಎಂಬ ಗುರುತನ್ನು ಹೊತ್ತೊಯ್ಯುತ್ತಲೇ ಇರುತ್ತವೆ. ಕಾದ ಅಣುವಿನ ಕಥೆಯನ್ನು ಮೊದಲೇ ಹೇಳಿದ್ದರೆ ಈ ಉತ್ತರವನ್ನು ಅವರೇ ಕೊಡುತ್ತಾರೆ.

ಅಂಟು ತೆಗೆದ ಪೋಲರಾಯ್ಡಿನ ಮೂರು ತುಂಡುಗಳು ನನ್ನ ಬಳಿ ಉಳಿದಿವೆ, ಅಕ್ಷವನ್ನು ಮಾರ್ಕರ್‌ನಿಂದ ಗುರುತಿಸಿಟ್ಟಿದ್ದೇನೆ. ಹಾಸನಕ್ಕೆ ಬಂದಾಗ ತೆಗೆದುಕೊಂಡು ಹೋಗಿ, ಎಳೆ ಅಂಟಿಸುವಾಗ ಮಾತ್ರ ಬೆರಳಚ್ಚು ಬೀಳದಂತೆ ಅಂಚಿನಲ್ಲೇ ಹಿಡಿಯಿರಿ.